ಕಂಡಕಂಡವರ ತೊಡೆಯ ಮೇಲೆ

ನಾನೊಂದು ಲ್ಯಾಪ್ ಸ್ಟೀಲ್ ಗಿಟಾರ್. ಗಿಟಾರ್ ಎಂದ ಕೂಡಲೇ ನಿಮ್ಮ ಕಣ್ಣಿಗೆ ಬಂದ ಚಿತ್ರವನ್ನು ದಯವಿಟ್ಟು ಒರೆಸಿಹಾಕಿ. ಪಟ್ಟಿ ಕಟ್ಟಿಸಿಕೊಂಡು ಹುಡುಗರ ಹೆಗಲಿಗೆ ಜೋತುಬೀಳುವ ಜಾತಿ ನನ್ನದಲ್ಲ. ನಾನು ತೊಡೆಯ ಮೇಲೆ ಅಂಗಾತ ಮಲಗುವವನು. ನನ್ನ ತಂತಿಗಳು ಹಲಗೆಯಿಂದ ಬೇಕೆಂದೇ ಎತ್ತರದಲ್ಲಿವೆ. ಅವನ್ನು ಬೆರಳಿನಿಂದ ಒತ್ತುವುದಿಲ್ಲ. ಬಾರ್ ಎಂಬ ಉಕ್ಕಿನ ತುಂಡನ್ನು ಅವುಗಳ ಮೇಲೆ ಜಾರಿಸುತ್ತಾರೆ. ಯಾವ ಸ್ವರ ಎಲ್ಲಿದೆಯೆಂದು ತೋರಿಸಲು ಹಲಗೆಯ ಮೇಲೆ ಗೆರೆಗಳಿವೆ. ಇಷ್ಟು ಸರಳವಾದ ಸಂಗತಿ ತಲೆಗೆ ಹೋಗದವರ ಕೈಯಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು.

ಹುಟ್ಟಿದ್ದು ಕೋಲ್ಕತ್ತಾದ ಒಂದು ಓಣಿಯಲ್ಲಿ, ಗಟ್ಟಿ ತೇಗದ ಹಲಗೆಯಿಂದ. ಹೊಟ್ಟೆ ಟೊಳ್ಳಲ್ಲವಾದ್ದರಿಂದ ನನ್ನ ಸ್ವಂತ ದನಿ ಸೊಳ್ಳೆಯದಕ್ಕಿಂತ ದೊಡ್ಡದಲ್ಲ. ಎದೆಯಲ್ಲಿರುವ ಪಿಕಪ್ಪು ತಂತಿಯ ನಡುಕವನ್ನು ಹಿಡಿದು ಆಂಪ್ಲಿಫೈಯರಿಗೆ ಒಪ್ಪಿಸಬೇಕು. ಅಂದರೆ ಗಂಟಲು ನನ್ನದು, ಬಾಯಿ ಬೇರೆಯವರದು. ಎಂಥೆಂಥ ಬಾಯಿಗೆ ಬಿದ್ದೆ ಎಂಬುದೇ ನನ್ನ ಕಥೆ.

ಮೊದಲ ಯಜಮಾನ ಮಂಡ್ಯದ ಆರ್ಕೆಸ್ಟ್ರಾದ ಮರಿಗೌಡ. ‘ಮೆಲೋಡಿ ಮರಿಗೌಡ’ ಎಂದು ಬೋರ್ಡು ಬರೆಸಿಕೊಂಡಿದ್ದ. ಸುಳ್ಳು ಹೇಳಲು ಆ ಬೋರ್ಡಿಗೂ ನಾಚಿಕೆಯಿರಲಿಲ್ಲ. ಆಂಪ್ಲಿಫೈಯರಿಗೆ ದುಡ್ಡು ದಂಡವೆಂದು ಮದುವೆಮನೆಯ ತಗಡಿನ ಹಾರ್ನಿಗೇ ನನ್ನನ್ನು ಸಿಕ್ಕಿಸಿಬಿಟ್ಟ. ಆಮೇಲೆ ಮೈಕು ಹಿಡಿದು, “ಈಗ ಗಿಟಾರಲ್ಲೇ ಗಂಡ್ಸು ವಾಯ್ಸು, ಆಮ್ಯಾಕೆ ಹೆಂಗ್ಸು ವಾಯ್ಸು. ಎಲ್ಡೂ ಒಬ್ನೇ ಬಾರ್ಸೋದು ಕಣ್ರಪ್ಪಾ, ಚಪ್ಪಾಳೆ ಬರ್ಲಿ” ಎನ್ನುತ್ತಿದ್ದ. ಗಂಡುದನಿಯ ಸಾಲಿಗೆ ಹಾರ್ನಿನಿಂದ ಕೋಣ ಕೂಗುತ್ತಿತ್ತು. ಹೆಣ್ಣುದನಿಯ ಸಾಲಿಗೆ ಅದೇ ಕೋಣಕ್ಕೆ ನೆಗಡಿಯಾಗುತ್ತಿತ್ತು. ಊಟದ ಪಂಕ್ತಿಯಲ್ಲಿದ್ದವರು ಬೇಗ ಬೇಗ ಎದ್ದುಹೋಗುತ್ತಿದ್ದರಿಂದ ಬಡಿಸುವವರಿಗೆ ಮಾತ್ರ ಅನುಕೂಲವಾಗುತ್ತಿತ್ತು.

ಕೀಬೋರ್ಡು ಬಂದ ಮೇಲೆ ಮರಿಗೌಡ ನನ್ನನ್ನು ಮೈಸೂರಿನ ಇಂಜಿನಿಯರಿಂಗ್ ವಿದ್ಯಾರ್ಥಿ ಕೀರ್ತನ್‌ಗೆ ಮಾರಿದ. ಹೆಸರು ಕೀರ್ತನ್, ಬುದ್ಧಿ ಬರೀ ನರ್ತನ. ನನ್ನನ್ನು ಸೊಂಟಕ್ಕೆ ನೇತುಹಾಕಿಕೊಂಡು ಎತ್ತರದ ತಂತಿಗಳನ್ನು ಬೆರಳಿನಿಂದ ಒತ್ತಲು ಹೊರಟ. ಬೆರಳು ಕುಯ್ದುಕೊಂಡು, “ಡಿಫೆಕ್ಟ್ ಪೀಸು ಮಗಾ, ತಂತಿ ಆಕಾಶದಲ್ಲಿದೆ” ಎಂದು ಗೆಳೆಯನಿಗೆ ದೂರಿದ. ಮರುದಿನ ಒಬ್ಬ ಬಡಗಿಯ ಬಳಿ ಒಯ್ದು, ತಂತಿಗಳು ಕೂರುವ ಮೂಳೆಯ ತುಂಡನ್ನೇ ಅರ್ಧಕ್ಕೆ ಉಜ್ಜಿಸಿದ. ಕುಂಟನಲ್ಲದವನ ಕಾಲು ಕತ್ತರಿಸಿ ಎತ್ತರ ಸರಿಮಾಡಿದೆವೆಂದು ಇಬ್ಬರೂ ಚಹಾ ಕುಡಿದರು. ಆಮೇಲೂ ನಾನು ನುಡಿಯಲಿಲ್ಲ. ನುಡಿಯಲು ನನಗೇನು ಗ್ರಹಚಾರ? ಕೊನೆಗೆ ಶಿವರಾಂಪೇಟೆಯ ವಾದ್ಯದಂಗಡಿಗೆ ನನ್ನನ್ನು ದಾಟಿಸಿದ. ಅಂಗಡಿಯ ಇಮ್ತಿಯಾಜ್ ಹೊಸ ಮೂಳೆ ಕೂರಿಸಿ ತಂತಿಗಳನ್ನು ಮತ್ತೆ ಏರಿಸಿದರು, ಜೊತೆಗೆ ಬೆಲೆಯನ್ನೂ.

ಅಲ್ಲಿಗೆ ಒಂದು ಮಧ್ಯಾಹ್ನ ಪಂಕಜವಲ್ಲಿ ಬಂದರು. ವೀಣೆಯ ವಿದುಷಿ. ಜೊತೆಗೆ ತಂಗಿಯ ಮಗ ಪ್ರಹ್ಲಾದ. ಮೊಬೈಲಿನಲ್ಲಿ ವೀಡಿಯೊ ನೋಡಿ ನೋಡಿ ವಾದ್ಯತಜ್ಞನಾದವನು. ವೀಣೆಯಲ್ಲಿ ಗಮಕ ಹುಟ್ಟಬೇಕಾದರೆ ತಂತಿಯನ್ನು ಮೆಟ್ಟಿಲ ಮೇಲೆ ಒತ್ತಿ ಎಳೆಯಬೇಕು. ಸಂಧಿವಾತ ಬಂದು ಇವರ ಎಡಗೈ ಬೆರಳುಗಳು ಒಣಶುಂಠಿಯಂತೆ ಸೊಟ್ಟಗಾಗಿದ್ದವು.

“ಈ ರಾಮನವಮಿಗೆ ಒಂದ್ಸಲ ವೇದಿಕೆ ಮೇಲೆ ಕೂತ್ಕೋಬೇಕು ಕಣೋ,” ಎಂದರು. “ಕೆಳಗೆ ಕೂತು ಬೇರೆಯವರಿಗೆ ಚಪ್ಪಾಳೆ ತಟ್ಟೀ ತಟ್ಟೀ ಇನ್ನೊಂದು ಕೈಯೂ ನೋಯೋಕೆ ಶುರುವಾಗಿದೆ.”

ಇವರ ತೊಡೆಯೇರಿದಾಗ ನನಗೆ ಯಾವ ಭರವಸೆಯೂ ಇರಲಿಲ್ಲ. ಕುಂಕುಮ ಹಚ್ಚಿ ಮೂಲೆಗಿಡುವ ಮುಖವೆಂದುಕೊಂಡೆ. ಅವರು ಬಾರನ್ನು ಮುಷ್ಟಿಯಲ್ಲಿ ಹಿಡಿದು ತಂತಿಯ ಮೇಲೆ ಸುಮ್ಮನೆ ಇಟ್ಟರು. ಒತ್ತಲಿಲ್ಲ, ಎಳೆಯಲಿಲ್ಲ. ರಿಷಭದಿಂದ ಗಾಂಧಾರಕ್ಕೆ ನಿಧಾನವಾಗಿ ಜಾರಿಸಿ, ಅಲ್ಲಿ ಮಣಿಕಟ್ಟನ್ನು ಚೂರು ಅಲುಗಿಸಿದರು. ನಾನು ಬೈಯಲು ಒಂದು ಮಾತು ಹುಡುಕಿದೆ, ಸಿಗಲಿಲ್ಲ.

ಇನ್ನು ಬಾಯಿಯ ಆಯ್ಕೆ. ಪ್ರಹ್ಲಾದ ಬೀರುವಿನಷ್ಟು ದೊಡ್ಡ ಆಂಪ್ಲಿಫೈಯರಿನ ಮುಂದೆ ಕೈಕಟ್ಟಿ ನಿಂತಿದ್ದ. “ದೊಡ್ಡಮ್ಮ, ನೂರು ವ್ಯಾಟು. ರಿವರ್ಬು, ಕೋರಸ್ಸು, ಬ್ಲೂಟೂತು, ಎಲ್ಲಾ ಇದೆ.”

“ಅದನ್ನ ಬಾರಿಸೋಕೆ ನಾನು ಯಾಕೋ ಬೇಕು? ಅದೇ ಕಚೇರಿ ಮಾಡತ್ತೆ ಬಿಡು,” ಎಂದ ಅವರ ಕಣ್ಣು ಮೂಲೆಯಲ್ಲಿದ್ದ ಒಂದು ಸಣ್ಣ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆಯ ಮೇಲೆ ಬಿತ್ತು. ಹಾಕಿಸಿ ನೋಡಿದರು.

“ಅಯ್ಯೋ, ಅದು ಗುಂಯ್ ಅಂತಿದೆ ದೊಡ್ಡಮ್ಮ.”

“ಕಂಡೆನ್ಸರ್ ಹೋಗಿದೆ ಅಮ್ಮಾ, ಹಾಕ್ಸಿ ಕೊಡ್ತೀನಿ,” ಎಂದರು ಇಮ್ತಿಯಾಜ್.

ಪಂಕಜವಲ್ಲಿ ಕಣ್ಣು ಮುಚ್ಚಿ ಆ ಗುಂಯ್‌ಗುಟ್ಟುವಿಕೆಯ ಜೊತೆ ತಾವೂ ದನಿಗೂಡಿಸಿದರು. “ಮುಟ್ಟಬೇಡಿ. ಐದು ಮನೆ ಶ್ರುತಿಗಿಂತ ಒಂದು ಕೂದಲೆಳೆ ಮೇಲಿದೆ. ತಂಬೂರಿ ಬೇರೆ ಹೊರೋದು ತಪ್ಪಿತು.”

ಕೆಟ್ಟುಹೋದದ್ದನ್ನು ಕೆಟ್ಟಿದೆಯೆಂದೇ ಆರಿಸಿಕೊಂಡ ಹೆಂಗಸು. ನನ್ನ ಆರು ತಂತಿಗಳೂ ಆ ರೋಗಿಷ್ಟ ಪೆಟ್ಟಿಗೆಯ ನರಳಾಟಕ್ಕೆ ಶ್ರುತಿಯಾದವು. ಇದಕ್ಕಿಂತ ಹೆಚ್ಚಿನ ಅವಮಾನ ಹಾರ್ನಿನ ಕಾಲದಲ್ಲೂ ಆಗಿರಲಿಲ್ಲ.

ರಾಮನವಮಿ ಸಭೆಯ ಕಾರ್ಯದರ್ಶಿ ಶೇಷಗಿರಿರಾಯರು ನನ್ನನ್ನು ಕಂಡು, ಇಸ್ತ್ರಿ ಮಾಡುವ ಹಲಗೆಯನ್ನು ಕಂಡಂತೆ ಮುಖಮಾಡಿದರು. “ಗಿಟಾರಾ? ಸಂಜೆ ಕಚೇರಿಗೆ ಆಗಲ್ಲಮ್ಮ. ಮಧ್ಯಾಹ್ನ ಪಾನಕ ಕೋಸಂಬರಿ ಹಂಚೋ ಹೊತ್ತಿಗೆ ಹಾಕಿದೀನಿ. ಜನ ಹೇಗೂ ಬಾಯಾಡಿಸ್ತಿರ್ತಾರೆ, ಆಕ್ಷೇಪಣೆ ಎತ್ತಲ್ಲ.”

ಹಾಗೇ ಆಯಿತು. ಪೆಂಡಾಲಿನಲ್ಲಿ ದೊನ್ನೆಗಳ ಸದ್ದೇ ಹೆಚ್ಚು. ಪಂಕಜವಲ್ಲಿ ಆಲಾಪನೆ ಮುಗಿಸಿ ಕೃತಿಯ ನಡುವೆ ಬಂದಿದ್ದಾಗ ಕರೆಂಟು ಹೋಯಿತು. ಪೆಟ್ಟಿಗೆ ಸತ್ತಿತು. ನನ್ನ ಸೊಳ್ಳೆದನಿ ಅವರ ಮೊಣಕಾಲನ್ನೂ ದಾಟಲಿಲ್ಲ. ಅವರು ನಿಲ್ಲಿಸಲಿಲ್ಲ. ಹೊರಗೆ ಯಾರೋ ಜನರೇಟರಿನ ಹಗ್ಗ ಎಳೆದರು. ಅದು ಹುಚ್ಚೆದ್ದು ಓಡತೊಡಗಿತು. ಪೆಟ್ಟಿಗೆಗೆ ಜೀವ ಬಂದರೂ, ಜನರೇಟರಿನ ಓಟಕ್ಕೆ ತಕ್ಕಂತೆ ಅದರ ಗುಂಯ್‌ನ ಶ್ರುತಿ ಮೊದಲಿಗಿಂತ ಏರಿಹೋಗಿತ್ತು. ಪಕ್ಕವಾದ್ಯದ ಪಿಟೀಲಿನವರು ಕಮಾನು ಎತ್ತಿಕೊಂಡು ಬಿರಡೆಗೆ ಕೈಹಾಕಿದರು. ಮೃದಂಗದವರು ತಟ್ಟಿ ಶ್ರುತಿ ಏರಿಸಲು ಕಲ್ಲು ಹುಡುಕಿದರು.

ಪಂಕಜವಲ್ಲಿ ಬಾರನ್ನು ಗೆರೆಯಿಂದ ಒಂದು ಗೋಧಿಕಾಳಿನಷ್ಟು ಮುಂದಕ್ಕೆ ಸರಿಸಿದರು, ಅಷ್ಟೆ. ಷಡ್ಜ ಪೆಟ್ಟಿಗೆಯ ಜೊತೆ ಹೋಗಿ ಕೂತಿತು. ಅಲ್ಲಿಂದ ಕೃತಿ ಮುಗಿಯುವವರೆಗೆ ನನ್ನ ಮೈಮೇಲಿನ ಒಂದು ಗೆರೆಯನ್ನೂ ಲೆಕ್ಕಕ್ಕಿಡದೆ ಬರೀ ಕಿವಿಯಿಂದ ನುಡಿಸಿದರು. ಕೋಸಂಬರಿಯ ಕೈಗಳು ಅಲ್ಲಲ್ಲೇ ನಿಂತವು. ಇನ್ನೂ ಅಗಿಯುತ್ತಿದ್ದವನೊಬ್ಬನನ್ನು ಪಕ್ಕದವರು ತಿವಿದರು.

ಶೇಷಗಿರಿರಾಯರು ಓಡಿ ಬಂದರು. “ಮುಂದಿನ ವರ್ಷ ಸಂಜೆ ಕಚೇರಿ ನಿಮ್ಮದೇ ಅಮ್ಮ.”

“ಮುಂದಿನ ವರ್ಷಕ್ಕೆ ಈ ಕೈ ಇರತ್ತೋ ಇಲ್ವೋ ರಾಯರೇ. ನಾಳೆ ಕೋಸಂಬರಿ ಇದೆಯಾ ಹೇಳಿ.”

ಇತ್ತು. ಉತ್ಸವ ಮುಗಿಯುವವರೆಗೆ ದಿನವೂ ಇತ್ತು. ದಿನವೂ ನುಡಿಸಿದರು.

ಅವರು ಹೇಳಿದ್ದು ನಿಜವಾಯಿತು. ಮುಂದಿನ ರಾಮನವಮಿಯ ಹೊತ್ತಿಗೆ ಮುಷ್ಟಿ ಮುಚ್ಚುತ್ತಿರಲಿಲ್ಲ. ಈಗ ಹಳೆಯ ಸೀರೆಯ ಅಂಚಿನ ಪಟ್ಟಿಯಿಂದ ಬಾರನ್ನು ಅಂಗೈಗೆ ಕಟ್ಟಿಸಿಕೊಂಡು, ಮನೆಯಲ್ಲೇ ಒಂದಿಷ್ಟು ಹೊತ್ತು ನುಡಿಸುತ್ತಾರೆ. ಸ್ವರ ತಪ್ಪುತ್ತದೆ. ತಪ್ಪಿದಾಗ ನನ್ನನ್ನು ಬೈಯುವುದಿಲ್ಲ. ಅದೇ ಜಾಗಕ್ಕೆ ಮತ್ತೆ ಬರುತ್ತಾರೆ. ಕೆಲವು ದಿನ ನೋವು ಹೆಚ್ಚಾಗಿ ಹಾಸಿಗೆಯಿಂದ ಏಳುವುದೇ ಇಲ್ಲ.

ಎಷ್ಟೋ ತೊಡೆ ಕಂಡವನು ನಾನು. ನನ್ನ ಗೆರೆಗಳನ್ನು ಓದಬಲ್ಲವರು ಸಿಕ್ಕರೆ ಸಾಕೆಂದುಕೊಂಡಿದ್ದೆ. ಸಿಕ್ಕಿದ್ದು ಗೆರೆ ನೋಡದವರು. ಮನುಷ್ಯರ ಬಗ್ಗೆ ನನ್ನ ಅಭಿಪ್ರಾಯ ಅದರಿಂದ ಬದಲಾಗಿಲ್ಲ. ಯಾರಿಗಾಗಿಯೂ ಕಾಯುವ ಜಾತಿ ನನ್ನದಲ್ಲ. ಅವರ ಕೋಣೆಯ ಬಾಗಿಲಿಗೆ ಎದುರಾಗಿ ನನ್ನನ್ನು ಒರಗಿಸಿಟ್ಟಿದ್ದಾರೆ. ಹಾಗಾಗಿ ನೋಡುತ್ತಿರುತ್ತೇನೆ, ಅಷ್ಟೆ.