ಹಿಂದಿನ ಸೀಟಿನ ಅಭಿಪ್ರಾಯ

ಬೆನ್ನು, ಕುತ್ತಿಗೆ, ಭುಜ ಹಿಡಿದುಕೊಂಡು ಬಂದವರನ್ನು ನೆಟ್ಟಗೆ ಮಾಡಿ ಕಳಿಸುವುದು ಅವಳ ಕೆಲಸ. ಫಿಸಿಯೋಥೆರಪಿಸ್ಟ್ ಅನ್ನುವ ಉದ್ದನೆಯ ಹೆಸರಿಗೆ ನಾಲಿಗೆ ಹೊರಳದವರು ಅವಳನ್ನು ಬೆನ್ನಿನ ಡಾಕ್ಟ್ರಮ್ಮ ಅಂತಲೇ ಕರೆಯುತ್ತಿದ್ದರು. ಇಂಥ ಡಾಕ್ಟ್ರಮ್ಮ ದಿನಾ ಬೆಳಿಗ್ಗೆ ಕ್ಲಿನಿಕ್ಕಿನ ಹಿತ್ತಲಲ್ಲಿ ಬೈಕು ನಿಲ್ಲಿಸಿ, ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೊಂಟಕ್ಕೆ ಎರಡೂ ಕೈ ಕೊಟ್ಟು "ಅಯ್ಯೋ ನಮ್ಮಪ್ಪಾ" ಅಂತ ನರಳಿ, ಆಮೇಲೆ ಮುಖದ ಮೇಲೆ ನಗು ತಂದುಕೊಂಡು ಒಳಗೆ ಹೋಗುತ್ತಿದ್ದಳು.

ಒಂದು ದಿನ ಭುಜ ಹಿಡಿದುಕೊಂಡಿದ್ದ ಲೆಕ್ಕದ ಮೇಷ್ಟ್ರು ಬೇಗ ಬಂದು ಕಿಟಕಿಯ ಪಕ್ಕ ಕೂತಿದ್ದರು. ಎಲ್ಲ ಕಂಡುಬಿಟ್ಟಿತು.

"ನೆಟ್ಟಗೆ ಕೂತ್ಕೊಳ್ಳಿ ಮೇಷ್ಟ್ರೇ" ಅಂತ ಅವಳು ಶುರುಮಾಡುವ ಮುಂಚೆಯೇ ಅವರು, "ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಇದೇ ಇರಬೇಕು. ನಮ್ಮ ಬೆನ್ನು ನೀನು ನೋಡ್ತೀಯ, ನಿನ್ನದು ಯಾರು ನೋಡಬೇಕಮ್ಮ?" ಅಂದರು.

ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ತಪ್ಪೆಲ್ಲ ಬೈಕಿನದು. ಮೈದುನ ಕಾಲೇಜಿನಲ್ಲಿದ್ದಾಗ ಹಟ ಹಿಡಿದು ತಂದಿದ್ದ ಗಾಡಿ ಅದು. ಅವನನ್ನು ಕರೆದೊಯ್ಯಲು ಆಫೀಸಿನ ಬಸ್ಸು ಬರತೊಡಗಿದ ಮೇಲೆ ಅತ್ತಿಗೆಯ ಪಾಲಿಗೆ ಬಂದಿತ್ತು. ಹ್ಯಾಂಡಲ್ ಎಲ್ಲೋ ಪಾತಾಳದಲ್ಲಿ, ಕಾಲಿಡುವ ಜಾಗ ಎಲ್ಲೋ ಹಿಂದೆ. ಓಡಿಸುವವರು ಟ್ಯಾಂಕಿನ ಮೇಲೆ ಬೋರಲು ಮಲಗಿ ಕತ್ತೆತ್ತಿ ದಾರಿ ನೋಡಬೇಕು. ಹಿಂದಿನ ಸೀಟಿನಲ್ಲಿ ಅತ್ತೆ. ಅತ್ತೆ ನಾಟಕಶಾಲೆಯಲ್ಲಿ ವೇಷದ ಬಟ್ಟೆ ಹೊಲಿಯುತ್ತಿದ್ದರು. ಅದು ಕ್ಲಿನಿಕ್ಕಿನ ದಾರಿಯಲ್ಲೇ ಇತ್ತು. ಬ್ರೇಕು ಹಾಕಿದಾಗಲೆಲ್ಲ ಅವರು ಜಾರಿ ಬಂದು ಸೊಸೆಯ ಬೆನ್ನಿಗೆ ಡಿಕ್ಕಿ ಹೊಡೆಯುತ್ತಿದ್ದರು.

ಆವತ್ತು ರಾತ್ರಿ ಊಟಕ್ಕೆ ಕೂತಾಗ ಅವಳು, "ಹೊಸ ಬೈಕು ತಗೋತೀನಿ. ನನ್ನ ಬೆನ್ನಿಗೆ ಒಗ್ಗುವಂಥದ್ದು" ಅಂದಳು.

ಗಂಡನಿಗೆ ಬೇಕರಿಯ ಕೆಲಸ. ಮನೆಯಿಂದ ನಾಲ್ಕು ಹೆಜ್ಜೆ ನಡೆದರೆ ಒಲೆಯ ಮುಂದೆ ಇರುವ ಮನುಷ್ಯ. "ಕೂರೋರು ನೀವಿಬ್ಬರು, ಆರಿಸೋರೂ ನೀವೇ" ಅಂತ ಕೈತೊಳೆದುಕೊಂಡ. ಮೈದುನನ ಕಣ್ಣು ಮಾತ್ರ ಬಲ್ಬಿನ ಹಾಗೆ ಹೊತ್ತಿಕೊಂಡಿತು. ಬೈಕಿನ ಹುಚ್ಚಿಗೆ ಅವನನ್ನು ಮನೆಯವರೆಲ್ಲ ಗೇರ್ ಅಂತಲೇ ಕರೆಯುತ್ತಿದ್ದರು.

"ಅತ್ತಿಗೆ, ನೀವೇನೂ ತಲೆ ಕೆಡಿಸಿಕೊಳ್ಳಬೇಡಿ, ಎಲ್ಲ ನನಗೆ ಬಿಡಿ."

"ನಿನಗೆ ಬಿಟ್ಟಿದ್ದಕ್ಕೇ ನಮಗೆ ಈ ಗತಿ" ಅಂದರು ಅತ್ತೆ. "ನಾನೂ ಬರ್ತೀನಿ. ಹಿಂದಿನ ಸೀಟಿಗೂ ಒಂದು ಅಭಿಪ್ರಾಯ ಇರುತ್ತೆ."

ಶನಿವಾರ ಮಧ್ಯಾಹ್ನ ಅವಳು ಅರ್ಧ ದಿನ ರಜೆ ಹಾಕಿದಳು. ಮೂವರೂ ಶೋರೂಮಿಗೆ ಹೋದರು. ಟೈ ಕಟ್ಟಿದ ಸೇಲ್ಸ್‌ಮನ್ ನಗುತ್ತಾ ಬಂದವನೇ ಸೀದಾ ಗೇರ್‌ನ ಕೈ ಕುಲುಕಿ, "ಸಾರ್, ಯಾವ ಮಾಡೆಲ್ ನೋಡ್ತೀರಾ?" ಅಂದ.

"ಓಡಿಸೋಳು ನಾನು" ಅಂದಳು ಅವಳು.

"ಹೌದಾ ಮೇಡಂ? ಹಾಗಾದ್ರೆ ಸ್ಕೂಟರ್‌ಗಳು ಮಹಡಿ ಮೇಲಿವೆ."

"ಸ್ಕೂಟರ್‌ಗಳು ಮಹಡಿ ಮೇಲೇ ಇರಲಿ, ಪಾಪ. ನನಗೆ ಬೈಕು ತೋರಿಸಿ."

ಅವನು ತಬ್ಬಿಬ್ಬಾಗಿ ನಡುವೆ ದೀಪದ ಕೆಳಗೆ ನಿಂತಿದ್ದ ಕೆಂಪು ಬೈಕಿನ ಹತ್ತಿರ ಕರೆದೊಯ್ದ. ಗೇರ್ ಅದರ ಮುಂದೆ ಇಷ್ಟದೇವತೆ ಪ್ರತ್ಯಕ್ಷವಾದಂತೆ ನಿಂತುಬಿಟ್ಟ. ಸೇಲ್ಸ್‌ಮನ್ ಪಿಕಪ್ ಬಗ್ಗೆ, ಎಂಜಿನ್ನಿನ ಸದ್ದಿನ ಬಗ್ಗೆ ಹೇಳುತ್ತಾ ಹೋದ. ಗೇರ್ ಪ್ರತಿ ಮಾತಿಗೂ ತಲೆಯಾಡಿಸಿದ. ಇದನ್ನು ಕೊಂಡರೆ ಪ್ರತಿ ಭಾನುವಾರ ಯಾರ ಕೈಗೆ ಹೋಗಲಿದೆ ಅನ್ನುವುದು ಅತ್ತಿಗೆಗೆ ಚೆನ್ನಾಗಿಯೇ ಗೊತ್ತಿತ್ತು.

ಅತ್ತೆ ಮಾತ್ರ ಹಿಂದಿನ ಸೀಟನ್ನೇ ದಿಟ್ಟಿಸುತ್ತಿದ್ದರು. ಅದು ಅಂಗೈಯಷ್ಟಗಲವಿತ್ತು, ಎದೆಯ ಎತ್ತರಕ್ಕಿತ್ತು.

"ಇದಕ್ಕೆ ಏಣಿ ಜೊತೆಗೇ ಕೊಡ್ತೀರೋ, ಬೇರೆ ತಗೋಬೇಕೋ?"

"ಸ್ಟೈಲ್ ಅಮ್ಮಾ, ಅದು ಸ್ಟೈಲ್."

"ಸ್ಟೈಲು ಸರಿ ಕಣಪ್ಪ. ನಾನು ಎಲ್ಲಿ ಕೂರಲಿ?"

ಸೊಸೆಗೂ ಅನುಮಾನವೇ. ಆದರೂ ಕೆಂಪು ಬಣ್ಣ ಅವಳ ಕಣ್ಣನ್ನೂ ಕೊಂಚ ಸೆಳೆದಿತ್ತು; ಸುಳ್ಳೇಕೆ ಹೇಳಬೇಕು. ಟೆಸ್ಟ್ ರೈಡ್ ಕೇಳಿದಳು. ಪೆಟ್ರೋಲ್ ಬಂಕಿನವರೆಗೆ ಹೋಗಿ ಬರಬಹುದು ಅಂದ ಸೇಲ್ಸ್‌ಮನ್.

"ಬಂಕಿನವರೆಗೆ ಹೋದರೆ ಏನು ಗೊತ್ತಾಗುತ್ತೆ? ನಾನು ದಿನಾ ಹೋಗೋ ದಾರಿಯಲ್ಲಿ ಓಡಿಸಿ ನೋಡಬೇಕು. ಗಾಡಿ ಹೊತ್ಕೊಂಡು ಓಡಿಹೋಗ್ತೀನಿ ಅಂತ ಭಯ ಇದ್ದರೆ ನೀವೂ ಹಿಂದೆ ಕೂತ್ಕೊಳ್ಳಿ."

ಗಿರಾಕಿ ಕೈತಪ್ಪಿ ಹೋಗಬಾರದಲ್ಲ. ಅವನು ಟೈ ಸರಿಮಾಡಿಕೊಂಡು, ಹೆಲ್ಮೆಟ್ ಹಾಕಿಕೊಂಡು ಆ ಎತ್ತರದ ಸೀಟು ಹತ್ತಿದ.

ಮೊದಲ ಸಿಗ್ನಲ್‌ವರೆಗೆ ಅವನ ಬಾಯಿ ನಿಲ್ಲಲಿಲ್ಲ. ಸೇತುವೆ ದಾಟಿದ ಮೇಲೆ ಪೈಪು ಹಾಕಲು ಅಗೆದು ಹಾಗೇ ಬಿಟ್ಟ ರಸ್ತೆ ಶುರುವಾಯಿತು, ಮಾತು ತುಂಡಾಗತೊಡಗಿತು. "ಮೇಡಂ, ಇದರ ಸಸ್ಪೆ..." ಅನ್ನುವಷ್ಟರಲ್ಲಿ ಒಂದು ಗುಂಡಿ. "ಇದರ ಹ್ಯಾಂಡ್ಲಿಂ..." ಅನ್ನುವಷ್ಟರಲ್ಲಿ ಇನ್ನೊಂದು. ಅವಳಿಗೂ ಆಗಲೇ ಮಣಿಕಟ್ಟು ಚುರುಗುಟ್ಟುತ್ತಿತ್ತು. ಹಳೆಯ ಬೈಕಿನ ಅಣ್ಣನೇ ಇದು, ಬಣ್ಣ ಬೇರೆ ಅಷ್ಟೇ ಅನ್ನಿಸಿತು. ಕ್ಲಿನಿಕ್ಕಿನ ಬೀದಿಯ ಹಂಪ್ ಹಾರಿದಾಗ ಹಿಂದಿನಿಂದ ಸಣ್ಣಗೆ ಒಂದು ಧ್ವನಿ ಬಂತು.

"ಮೇಡಂ, ಒಂಚೂರು ನಿಲ್ಲಿಸ್ತೀರಾ?"

ನಿಲ್ಲಿಸಿ ತಿರುಗಿ ನೋಡಿದರೆ ಅವನ ಮುಖ ಬಿಳುಚಿಕೊಂಡಿತ್ತು. ಸೊಂಟ ಹಿಡಿದುಕೊಂಡಿದೆ. ಇಳಿಯಲೂ ಆಗದು, ಕೂರಲೂ ಆಗದು. ಅವಳು ತೋಳಿಗೆ ತೋಳು ಕೊಟ್ಟು ಮೆಲ್ಲಗೆ ಇಳಿಸಿದಳು. ಕ್ಲಿನಿಕ್ಕು ಎದುರಿಗೇ ಇತ್ತು.

ಒಳಗೆ ಮೇಷ್ಟ್ರು ಸಹಾಯಕಿಯ ಕೈಯಲ್ಲಿ ಭುಜಕ್ಕೆ ಶಾಖ ಕೊಡಿಸಿಕೊಳ್ಳುತ್ತಾ ಕೂತಿದ್ದರು. "ಏನಮ್ಮಾ, ರಜೆ ಅಂದೆ, ರಸ್ತೆಯಿಂದಲೇ ಪೇಷಂಟು ಹಿಡ್ಕೊಂಡು ಬಂದೆಯಲ್ಲ" ಅಂದರು.

ಸೇಲ್ಸ್‌ಮನ್‌ನನ್ನು ಬೋರಲು ಮಲಗಿಸಿದಳು. ಟೈ ಮಂಚದಿಂದ ಕೆಳಗೆ ಜೋತಾಡುತ್ತಿತ್ತು. ಬೆನ್ನು ಮುಟ್ಟಿ ನೋಡಿದವಳಿಗೆ ಇದು ಇವತ್ತಿನ ನೋವಲ್ಲ ಅಂತ ತಿಳಿಯಿತು.

"ನೀವು ಯಾವ ಗಾಡಿ ಓಡಿಸ್ತೀರಿ?"

ಅವನು ದಿಂಬಿನೊಳಗೇ ಉತ್ತರಿಸಿದ. "ಇದನ್ನೇ ಮೇಡಂ. ಇದೇ ಕೆಂಪು. ಮಾರೋನು ಓಡಿಸದಿದ್ದರೆ ಜನ ಏನಂದ್ಕೋತಾರೆ? ಬೆಳಿಗ್ಗೆ ಎದ್ದರೆ ಶೂ ಹಾಕ್ಕೊಳ್ಳೋಕೆ ಬಗ್ಗಕ್ಕಾಗಲ್ಲ, ಹೆಂಡತಿ ಹಾಕ್ತಾಳೆ."

"ಹೆಂಡತಿ ಹಿಂದೆ ಕೂರ್ತಾರಾ?"

"ಒಂದು ಸಲ ಕೂತಳು ಮೇಡಂ. ವಾಪಸ್ ಬಸ್ಸಲ್ಲಿ ಬಂದಳು."

ಮೇಷ್ಟ್ರು ಭುಜದ ನೋವು ಮರೆತು ನಕ್ಕರು. ಅವಳಿಗೂ ತಡೆಯಲಾಗಲಿಲ್ಲ. ಮಲಗಿದ್ದವನೂ ನಗಲು ಹೋಗಿ, ಸೊಂಟ ಚುಳುಕ್ಕೆಂದು, "ನಗಿಸಬೇಡಿ ಮೇಡಂ" ಅಂತ ಕೈಮುಗಿದ.

ಇತ್ತ ಶೋರೂಮಿನಲ್ಲಿ ಕೋಲಾಹಲ. ಟೆಸ್ಟ್ ರೈಡಿಗೆ ಹೋದ ಗಾಡಿ ಬಂದಿಲ್ಲ; ಇಬ್ಬರೂ ಫೋನೆತ್ತುತ್ತಿಲ್ಲ. ಮ್ಯಾನೇಜರ್ ಅತ್ತೆಯ ಕಡೆ ಸಂಶಯದಿಂದ ನೋಡಿದ. ಅತ್ತೆ ಅವನ ಕಡೆ ಇನ್ನೂ ಹೆಚ್ಚಿನ ಸಂಶಯದಿಂದ ನೋಡಿದರು. "ನಿಮ್ಮ ಹುಡುಗ ನಮ್ಮ ಸೊಸೆಯನ್ನ ಎಲ್ಲಿ ಬೀಳಿಸಿದನೋ ಯಾರಿಗೆ ಗೊತ್ತು? ಒಂದು ಗಾಡಿ ಕೊಡಿ, ನಾವೇ ಹುಡುಕ್ತೀವಿ" ಅಂದರು. ಮ್ಯಾನೇಜರ್ ಮೂಲೆಯಲ್ಲಿದ್ದ ಬೂದಿ ಬಣ್ಣದ ಬೈಕೊಂದನ್ನು ಕೊಟ್ಟ. ಶೋರೂಮಿನವರು ಬ್ಯಾಂಕಿಗೆ, ಅಂಚೆಗೆ ಓಡಾಡಲು ಇಟ್ಟುಕೊಂಡಿದ್ದ ಗಾಡಿ. ಗೇರ್ ಮೂಗು ಮುರಿದ. ಬೇರೆ ದಾರಿಯಿರಲಿಲ್ಲ, ಅಮ್ಮನನ್ನು ಕೂರಿಸಿಕೊಂಡು ಅತ್ತಿಗೆ ದಿನಾ ಹೋಗುವ ದಾರಿ ಹಿಡಿದ.

ಕ್ಲಿನಿಕ್ಕಿನ ಎದುರು ಕೆಂಪು ಬೈಕು ಕಂಡು ಇಬ್ಬರೂ ಗಾಬರಿಯಿಂದ ಒಳಗೆ ನುಗ್ಗಿದರು. ಸೊಸೆ ಗಟ್ಟಿಮುಟ್ಟಾಗಿ ನಿಂತಿದ್ದಾಳೆ, ಮಾರುವವನು ಮಕಾಡೆ ಮಲಗಿದ್ದಾನೆ. ಅತ್ತೆ ನಿಟ್ಟುಸಿರು ಬಿಟ್ಟು ಕುರ್ಚಿ ಎಳೆದುಕೊಂಡು ಕೂತರು.

"ಸದ್ಯ, ಬಿದ್ದಿದ್ದು ಇವನಾ? ಒಳ್ಳೇದಾಯ್ತು. ಅಂದ್ರೆ... ಒಳ್ಳೇದಲ್ಲ ಕಣಪ್ಪ, ತಪ್ಪು ತಿಳೀಬೇಡ."

"ಅತ್ತೆ, ನೀವು ಹೇಗೆ ಬಂದಿರಿ?"

"ಬೈಕಲ್ಲಿ. ಆ ಬೈಕಿಗೆ ಕೂರೋ ಜಾಗ ಇದೆ ಕಣೇ. ಹೊಸ ಸೋಫಾದ ಹಾಗಿದೆ. ಇವನು ಆ ಹಾಳು ರಸ್ತೆಯಲ್ಲಿ ಏರಿಸಿದ, ಇಳಿಸಿದ, ನನಗೆ ಗೊತ್ತೇ ಆಗಲಿಲ್ಲ. ನಿನ್ನ ಚಿಂತೆ ಇಲ್ಲದಿದ್ದರೆ ಒಂದು ನಿದ್ದೆ ತೆಗೀತಿದ್ದೆ."

ಎಲ್ಲರೂ ಗೇರ್‌ನ ಕಡೆ ನೋಡಿದರು. ಅವನು ಗೋಡೆಯ ಮೇಲಿದ್ದ ಎಲುಬಿನ ಚಿತ್ರವನ್ನೇ ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಹೇಳೋ" ಅಂದರು ಅತ್ತೆ.

"ಪರವಾಗಿಲ್ಲ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಪಿಕಪ್ ಇಲ್ಲ" ಅಂದ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಚೆನ್ನಾಗಿದೆ ಅತ್ತಿಗೆ" ಅಂತ ಒಪ್ಪಿಕೊಂಡ.

ದಿಂಬಿನೊಳಗಿಂದ ಸೇಲ್ಸ್‌ಮನ್ ಧ್ವನಿ ಬಂತು. "ಅದನ್ನೇ ತಗೊಳ್ಳಿ ಮೇಡಂ. ಆ ಮಾಡೆಲ್ ಯಾರೂ ಕೇಳಲ್ಲ ಅಂತ ನಾವೂ ತೋರಿಸಲ್ಲ. ನಾನು ಹೀಗಂದೆ ಅಂತ ಮ್ಯಾನೇಜರ್‌ಗೆ ಹೇಳಬೇಡಿ, ಅಷ್ಟೇ."

ಅವಳು ಹೊರಗೆ ಬಂದು ಬೂದಿ ಬೈಕಿನ ಮೇಲೆ ಕೂತಳು. ನೋಡಲು ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆದರೆ ಕೈ ಚಾಚಿದಲ್ಲಿ ಹ್ಯಾಂಡಲ್ ಇತ್ತು, ಮಂಡಿ ಮಡಿಸಿದಲ್ಲಿ ಕಾಲಿಡುವ ಜಾಗ ಇತ್ತು, ನಿಲ್ಲಿಸಿದರೆ ಎರಡೂ ಪಾದ ನೆಲಕ್ಕೆ ಊರುತ್ತಿದ್ದವು. ಪೇಷಂಟುಗಳಿಗೆ ಅಂಗಲಾಚಿ ಹೇಳುತ್ತಿದ್ದ ಹಾಗೆಯೇ ಅವಳ ಬೆನ್ನು ತಾನಾಗಿ ನೆಟ್ಟಗೆ ನಿಂತಿತು. ಶೋರೂಮಿಗೆ ವಾಪಸ್ ಹೋಗುವಾಗ ಅವಳೇ ಓಡಿಸಿದಳು, ಹಿಂದೆ ಅತ್ತೆ. ಗೇರ್ ಕೆಂಪು ಬೈಕನ್ನು ತಂದ. ಸೇಲ್ಸ್‌ಮನ್ ಆಟೋದಲ್ಲಿ ಬಂದ. ಶೋರೂಮಿನಲ್ಲಿ ಇಳಿದಾಗ ಗೇರ್ ಯಾರಿಗೂ ಕಾಣದಂತೆ ಮಣಿಕಟ್ಟು ಉಜ್ಜಿಕೊಳ್ಳುತ್ತಿದ್ದುದು ಅತ್ತಿಗೆಗೆ ಮಾತ್ರ ಕಂಡಿತು.

ಮುಂದಿನ ವಾರ ಅಂಥದ್ದೇ ಹೊಸ ಗಾಡಿ ಮನೆಗೆ ಬಂತು. ಅವಳು ಎಣಿಸಿದ ಹಾಗೆ ನೋವು ದಿನದಿಂದ ದಿನಕ್ಕೆ ಇಳಿಯಿತು. ಎಣಿಸದೇ ಇದ್ದದ್ದು ಇನ್ನೊಂದು. ನೆಟ್ಟಗೆ ಕೂತವರ ಕಿವಿಗೆ ಹಿಂದಿನವರ ಮಾತು ಕೇಳುತ್ತದೆ. ಎಂಜಿನ್ ಸದ್ದೂ ಕಡಿಮೆ. ಅತ್ತೆಗೆ ಮಾತು ಶುರುಮಾಡಲು ಇಷ್ಟು ಸಾಕಾಯಿತು. ಮನೆಯಲ್ಲಿ ಒಬ್ಬರು ಅಡುಗೆಮನೆಯಲ್ಲಿದ್ದರೆ ಇನ್ನೊಬ್ಬರು ಬಚ್ಚಲಲ್ಲಿ. ಕೂತು ಮಾತಾಡಿದ್ದೇ ಕಡಿಮೆ.

ಒಂದು ಬೆಳಿಗ್ಗೆ ಅತ್ತೆ ಹೇಳುತ್ತಿದ್ದರು. "ನಾನು ಆಗ ಹೊಸಬಳು. ನಾಟಕ ನಡೀತಿದೆ, ರಾಜನ ಪಾರ್ಟು ಮಾಡ್ತಿದ್ದವನ ಅಂಗಿ ಹಿಂದೆ ಪರ್ರಂತ ಹರಿದುಹೋಯ್ತು. ಅವನು ಬುದ್ಧಿವಂತ, ಹಾಗೇ ಹಿಂದೆ ಹಿಂದೆ ಹೆಜ್ಜೆ ಇಟ್ಟು ಸಿಂಹಾಸನಕ್ಕೆ ಆತುಕೊಂಡು ನಿಂತ. ನಾನು ಸೂಜಿದಾರ ತಗೊಂಡು ಅದರ ಹಿಂದೆ ಬಗ್ಗಿಕೊಂಡು ಹೋಗಿ, ಪಕ್ಕದಿಂದ ಕೈ ಚಾಚಿ ಹೊಲಿಯೋಕೆ ಶುರುಮಾಡಿದೆ."

"ಜನಕ್ಕೆ ಗೊತ್ತಾಗಲಿಲ್ವಾ?"

"ಎಲ್ಲಿ? ಹೊಲಿಗೆ ಮುಗಿಯೋವರೆಗೂ ಅವನು ಇಲ್ಲದ ಮಾತೆಲ್ಲ ಸೇರಿಸಿ ಭಾಷಣ ಮಾಡಿದ. ಪ್ರಜೆಗಳನ್ನ ಹೊಗಳಿದ, ಕುದುರೆಗಳನ್ನ ಹೊಗಳಿದ. ಕೊನೆಗೆ ರಾಜ್ಯದ ದರ್ಜಿಗಳನ್ನೂ ಹೊಗಳಿದ. ಜನ ಚಪ್ಪಾಳೆ ತಟ್ಟಿದರು."

ನಾಟಕಶಾಲೆ ಬಂದಿತ್ತು. ಅವಳು ಬೈಕು ನಿಲ್ಲಿಸಿದಳು. ಅತ್ತೆ ಇಳಿಯಲಿಲ್ಲ, ಇವಳೂ ಇಳಿಯಿರಿ ಅನ್ನಲಿಲ್ಲ.

"ಆಮೇಲೆ?"

"ಆಮೇಲೇನು, ನಾಟಕ ಮುಗಿದ ಮೇಲೆ ಥ್ಯಾಂಕ್ಸ್ ಹೇಳೋಕೆ ಬಂದ. ಮಾರನೇ ದಿನಾನೂ ಬಂದ. ಅವನ ಅಂಗಿ ಆಮೇಲೆ ವಾರಕ್ಕೊಂದು ಸಲ ಹರೀತಿತ್ತು, ನೋಡು."

ಅವಳು ಮೆಲ್ಲಗೆ ತಿರುಗಿದಳು. ಮಾವನನ್ನು ಅವಳು ಕಂಡಿದ್ದು ಫೋಟೋದಲ್ಲಿ ಮಾತ್ರ. ಬಿಗಿದ ತುಟಿಯ ಗಂಭೀರ ಮನುಷ್ಯ ಅಂದುಕೊಂಡಿದ್ದಳು.

"ಅತ್ತೆ, ಆ ರಾಜ..."

"ಮತ್ತಿನ್ಯಾರು?" ಅಂದರು ಅತ್ತೆ. ಹೆಲ್ಮೆಟ್ ಬಿಚ್ಚಿ ಅವಳ ಕೈಗೆ ಕೊಟ್ಟು, ಕೂದಲು ಸರಿಮಾಡಿಕೊಂಡು, ನಗು ಅಡಗಿಸಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಹೋದರು.