ಬಸಣ್ಣನ ಹೋಟೆಲಿಗೆ ಸನ್ಮಾನ

ರಾಚಪ್ಪ ಬರೆದದ್ದು ಎರಡೇ ಶಬ್ದ: "ಭೇದವೇನೂ ಇಲ್ಲ." ಆ ಎರಡು ಶಬ್ದ ತನ್ನಪ್ಪನನ್ನು ವೇದಿಕೆ ಹತ್ತಿಸುತ್ತವೆ ಎಂದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಅದು ಅರವತ್ತಮೂರನೆಯ ಇಸವಿ. ಅಸ್ಪೃಶ್ಯತೆ ಅಪರಾಧವೆಂದು ಕಾಯದೆ ಬಂದು ಎಂಟು ವರ್ಷವಾಗಿತ್ತು. ಆ ಸುದ್ದಿ ನಮ್ಮ ಕಡೆಯ ಹೋಟೆಲುಗಳಿಗೆ ತಲುಪಿದೆಯೋ ಇಲ್ಲವೋ ನೋಡಿಬರೋಣವೆಂದು ವಿಶ್ವವಿದ್ಯಾಲಯದ ಕುತುಬುದ್ದೀನ ಮಾಸ್ತರರು ಬೇಸಿಗೆ ರಜೆಯಲ್ಲಿ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊರಟರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲೂಕು ಸುತ್ತಬೇಕು. ಕೆಲಸ ಸರಳ. ಆ ವಿದ್ಯಾರ್ಥಿಗಳಲ್ಲಿ ಹರಿಜನ ಕೇರಿಯವನಾದ ಭೀಮಶ್ಯಾ ಹೋಟೆಲಿನ ಒಳಗೆ ಹೋಗಿ, ಬಾಕಿನ ಮೇಲೆ ಕೂತು ಚಹಾ ಕೇಳಬೇಕು. ಏನಾಗುತ್ತದೆ ಎಂದು ನೋಡಿ ಅವನ ಜೊತೆಗಾರ ರಾಚಪ್ಪ ಬರೆದುಕೊಳ್ಳಬೇಕು. ಬೈಸಿಕೊಳ್ಳುವವನು ಒಬ್ಬ, ಬರೆದುಕೊಳ್ಳುವವನು ಇನ್ನೊಬ್ಬ. ರಾಚಪ್ಪನ ಅಕ್ಷರ ದುಂಡಗಿದ್ದವು, ಅದಕ್ಕೇ ಆ ಕೆಲಸ ಅವನ ಪಾಲಿಗೆ ಬಂದಿತ್ತು.

ಇಂಡಿಯಲ್ಲೊಬ್ಬ ಭೀಮಶ್ಯಾನಿಗೆ ತೆಂಗಿನ ಪರಟೆಯಲ್ಲಿ ಚಹಾ ಕೊಟ್ಟ. ಮುದ್ದೇಬಿಹಾಳದಲ್ಲೊಬ್ಬ ಯಾವ ಓಣಿಯವನೆಂದು ಕೇಳಿ, ಒಲೆಯ ಮೇಲೆ ಹಾಲು ಕುದಿಯುತ್ತಿರುವಾಗಲೇ ಹಾಲು ತೀರಿದೆ ಎಂದ. ಮನಗೂಳಿಯಲ್ಲಿ ಅವನು ಎದ್ದ ಮೇಲೆ ಬಾಕಿಗೆ ನೀರು ಹೊಯ್ದು ತಿಕ್ಕಿದರು. ಮೂವತ್ತು ಹೋಟೆಲು ಹೀಗೆ ಮುಗಿದವು. ಅವಮಾನ ನುಂಗಿ ಭೀಮಶ್ಯಾನ ಮುಖ ಸಣ್ಣದಾಗಿತ್ತು. ರಾಚಪ್ಪನಿಗೆ ಮಾತ್ರ ರಾತ್ರಿ ಹಗಲು ಸಿಟ್ಟು. ಇವರೆಲ್ಲ ಮನುಷ್ಯರೇನು ಎಂದು ಬಸ್ಸಿನಲ್ಲಿ ಗಟ್ಟಿಯಾಗಿ ಭಾಷಣ ಮಾಡುತ್ತಿದ್ದ.

ಮೂವತ್ತೊಂದನೆಯದು ದೇವರ ಹಿಪ್ಪರಗಿಯಲ್ಲಿತ್ತು. ಅದರ ಗಲ್ಲೆಯ ಮೇಲೆ ಕೂಡುವವನು ಬಸಣ್ಣ, ರಾಚಪ್ಪನ ಅಪ್ಪ. ಹೊರಗೋಡೆಯ ಮಾಡದಲ್ಲಿ ಕಿವಿ ಮುರಿದ ಮೂರು ಕಪ್ಪು ಇರುತ್ತಿದ್ದವು. ಕೇರಿಯವರು ತಾವೇ ತೆಗೆದುಕೊಂಡು, ನಿಂತು ಕುಡಿದು, ತೊಳೆದು ಅಲ್ಲೇ ಇಡಬೇಕು. ಭೀಮಶ್ಯಾನೂ ಅದೇ ಊರಿನವನು. ಸಣ್ಣಂದಿನಿಂದ ಅವನು ಆ ಕಪ್ಪು ತೊಳೆದಿಡುವುದನ್ನು ರಾಚಪ್ಪ ಒಳಗೆ ಕೂತು ನೋಡಿದ್ದ. ನೋಡಿ ನೋಡಿ ಅದು ಕಣ್ಣಿಗೇ ಬೀಳದಂತಾಗಿತ್ತು. ಮೂವತ್ತು ಹೋಟೆಲು ಸುತ್ತಿದ ಮೇಲೆ ಬಿತ್ತು.

ಅಂದು ಮಾಸ್ತರರು ಉಳಿದವರೊಂದಿಗೆ ಗೊಳಸಂಗಿಗೆ ಹೋಗಿದ್ದರು. ಹಿಪ್ಪರಗಿಗೆ ಬಂದವರು ಇವರಿಬ್ಬರೇ. ಬಸ್ಸಿನಿಂದ ಇಳಿದವನೇ ರಾಚಪ್ಪ, ಅಪ್ಪನಿಗೆ ಹುಷಾರಿಲ್ಲ, ನಮ್ಮದನ್ನು ನಾನೇ ಬರೆದುಬಿಡುತ್ತೇನೆ, ನೀನು ಒಳಗೆ ಬರುವುದು ಬೇಡ ಎಂದ. ಬಸಣ್ಣ ಗಟ್ಟಿಮುಟ್ಟಾಗಿ ನಿಂತು ಭಜಿ ಕರಿಯುತ್ತಿದ್ದುದು ಇಬ್ಬರಿಗೂ ಕಾಣುತ್ತಿತ್ತು. ಭೀಮಶ್ಯಾ ಆತು ಎಂದು ಮನೆಯ ದಾರಿ ಹಿಡಿದ. ರಾಚಪ್ಪ ಅಪ್ಪನ ಹೋಟೆಲಿನಲ್ಲೇ ಕೂತು, ಬಿಸಿ ಭಜಿ ತಿನ್ನುತ್ತ ಆ ಎರಡು ಶಬ್ದ ಬರೆದ.

ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದವರು ನಾಗರಿಕ ಹಕ್ಕು ಮತ್ತು ಸಮಾಜಸೇವೆಯ ಉತ್ಸವವನ್ನು ಬಸವನ ಬಾಗೇವಾಡಿಯಲ್ಲೇ ಇಟ್ಟುಕೊಂಡರು. ವರದಿ ಬರೆದ ರಾಚಪ್ಪನಿಗೆ ಶಾಲು ಹೊದಿಸುವುದಿತ್ತು. ಅವನು ಅಪ್ಪನಿಗೆ ಕಾಗದ ಬರೆದು ಕರೆಸಿದ್ದ. ಹೊಸ ರುಮಾಲು ಸುತ್ತಿಕೊಂಡು ಬಂದ ಬಸಣ್ಣ ಎರಡನೆಯ ಸಾಲಿನಲ್ಲಿ ಕೂತು, ಅಕ್ಕಪಕ್ಕದವರಿಗೆಲ್ಲ ಅವ ನಮ್ಮ ಹುಡುಗ ಎಂದು ತೋರಿಸುತ್ತಿದ್ದ.

ಶಾಲು ಹೊದಿಸಿದ್ದಾಯಿತು. ಆಮೇಲೆ ಕುತುಬುದ್ದೀನ ಮಾಸ್ತರರು ಮೈಕಿನ ಮುಂದೆ ಬಂದು, ಮೂವತ್ತು ಹೋಟೆಲು ನಮ್ಮ ತಲೆ ತಗ್ಗಿಸಿವೆ, ಒಂದೇ ಒಂದು ನಮ್ಮ ಮಾನ ಕಾಯ್ದಿದೆ ಎಂದರು. ಅದರ ಮಾಲೀಕ ತನ್ನ ತಂದೆ ಎಂಬುದನ್ನು ಸಂಕೋಚದಿಂದ ಮುಚ್ಚಿಟ್ಟ ಮಗನನ್ನೂ ಹೊಗಳಿದರು. ಬಸಣ್ಣನನ್ನು ಮೇಲೆ ಕರೆದರು. ಅಲ್ಲಿ ಸರಿಸಮನಾಗಿ ಕೂತು ಚಹಾ ಕುಡಿದ ಭೀಮಶ್ಯಾನೇ ಹಾರ ಹಾಕಲಿ ಎಂದರು.

ರಾಚಪ್ಪ ಎದ್ದು ನಿಂತು, ಅದು ಸುಳ್ಳು ಎಂದರೆ ಮುಗಿಯುತ್ತಿತ್ತು. ಆದರೆ ನಾನೂರು ಜನರ ಮುಂದೆ ಅಪ್ಪನ ಮುಖ ಏನಾದೀತು? ಅಪ್ಪನದು ಇರಲಿ, ನಿಜ ಹೇಳಬೇಕೆಂದರೆ ಅವನು ಹೆದರಿದ್ದು ತನ್ನ ಮುಖಕ್ಕೆ. ಭೀಮಶ್ಯಾ ಹಾರ ಹಿಡಿದು ನಿಂತೇ ಇದ್ದ. ಬಸಣ್ಣನ ಕಡೆ ನೋಡದೆ ರಾಚಪ್ಪನನ್ನೇ ನೋಡುತ್ತಿದ್ದ. ಜನ ಪಿಸುಗುಟ್ಟತೊಡಗಿದರು. ರಾಚಪ್ಪ ತಲೆ ಬಗ್ಗಿಸಿ ತನ್ನ ಚಪ್ಪಲಿ ನೋಡಿದ.

ಭೀಮಶ್ಯಾ ಕೊನೆಗೆ ಕೈ ಎತ್ತಿದ. ಬಸಣ್ಣ ಕೊರಳನ್ನೇನೋ ಮುಂದೆ ಚಾಚಿದ. ಕಾಲು ಮಾತ್ರ ರೂಢಿಯಂತೆ ಒಂದು ಹೆಜ್ಜೆ ಹಿಂದೆ ಸರಿದವು, ಹುಡುಗನ ಕೈ ತಾಗಬಾರದಲ್ಲ. ಹಾರ ಬಿತ್ತು. ಚಪ್ಪಾಳೆಯೋ ಚಪ್ಪಾಳೆ. ಆ ಹೆಜ್ಜೆಯನ್ನು ಕಂಡವರು ಇಬ್ಬರೇ, ಭೀಮಶ್ಯಾ ಮತ್ತು ತಲೆ ಬಗ್ಗಿಸಿದ್ದ ರಾಚಪ್ಪ. ನೆಲ ಬಾಯಿಬಿಟ್ಟಿದ್ದರೆ ರಾಚಪ್ಪ ಶಾಲು ಸಮೇತ ಇಳಿದುಹೋಗುತ್ತಿದ್ದ.

ಸಮಾರಂಭ ಮುಗಿದ ಮೇಲೆ ಭೀಮಶ್ಯಾ ಬಸ್ಸಿಗೆ ಕಾಯುತ್ತ ರಸ್ತೆ ಬದಿ ನಿಂತಿದ್ದ. ರಾಚಪ್ಪ ಕ್ಷಮೆ ಕೇಳಬೇಕೆಂದೇ ಓಡಿ ಬಂದ. ಬಾಯಿಂದ ಬಂದದ್ದು ಜಗಳ. ನಾಚಿಕೆಯಾದವನಿಗೆ ಸಿಟ್ಟು ಬೇಗ ಬರುತ್ತದೆ.

"ಮೈಕ ನಿನ್ನ ಬಾಜೂಕ ಇತ್ತು. ನೀನರ ಯಾಕ ಖರೇ ಹೇಳಲಿಲ್ಲ?"

ಭೀಮಶ್ಯಾ ಅವನನ್ನು ನೋಡಿದ. ಸಿಟ್ಟಿರಲಿಲ್ಲ, ದಣಿವಿತ್ತು.

"ಮೂವತ್ತು ಹೋಟೆಲಿಗೆ ನಾ ಹೋಗೇನಿ, ರಾಚಪ್ಪ. ಒಂದ ನಿನಗ ಬಿಟ್ಟಿದ್ದೆ."

ಬಸ್ಸು ಬಂತು. ಭೀಮಶ್ಯಾ ಹತ್ತಿ ಕೂತ. ರಾಚಪ್ಪನಿಗೂ ಹೋಗಬೇಕಾದದ್ದು ಅದೇ ಬಸ್ಸಿಗೆ, ಅದೇ ಊರಿಗೆ. ಆದರೆ ಹತ್ತಲು ಕಾಲು ಬರಲಿಲ್ಲ.