ನೋಟ್ ಮಾಡಿಕೊಂಡಿದ್ದೇವೆ

“ತಪ್ಪು ನಮ್ಮದೇ ಅಂತ ಹೇಳೋಕೆ ನೀವ್ಯಾರ್ರೀ?”

ಸೂಪರ್‌ವೈಸರ್ ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟು, ಗ್ರಾಹಕಿ ಕಳಿಸಿದ್ದ ರೆಕಾರ್ಡಿಂಗನ್ನು ಮತ್ತೊಮ್ಮೆ ಹಾಕಿದ. ಅದರಲ್ಲಿದ್ದದ್ದು ಅವನ ಎದುರು ನಿಂತಿದ್ದವಳದೇ ದನಿ, ಜೇನಿನಲ್ಲಿ ಅದ್ದಿ ತೆಗೆದಂತೆ: “ಕ್ಷಮಿಸಿ ಮೇಡಂ, ತಪ್ಪು ಪೂರ್ತಿ ನಮ್ಮದೇ.”

ಅದು ಮನೆ ಸಾಮಾನು ಸಾಗಿಸುವ ಕಂಪನಿಯ ದೂರು ವಿಭಾಗ. ಅವಳು ಅಲ್ಲಿಗೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಒಡೆದದ್ದು ಒಂದು ಕಪಾಟಿನ ಕನ್ನಡಿ. ಅದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಕಟ್ಟಿದವನು ಕಂಪನಿಯ ಆಳಲ್ಲ, ಆ ಮೇಡಮ್ಮನ ಗಂಡನೇ. ಆದರೂ ಮೇಡಂ ಈಗ ಹೊಸ ಕಪಾಟು ಕೊಡಿ ಎಂದು ಪಟ್ಟು ಹಿಡಿದಿದ್ದಳು. ನಿಮ್ಮವರೇ ಒಪ್ಪಿಕೊಂಡಿದ್ದಾರಲ್ಲ!

“ಸಾರ್, ಹೋಟೆಲಲ್ಲಿ ಹಾಗೇ ಕಲಿಸಿದ್ರು. ಮೊದಲು ಸಾರಿ, ಆಮೇಲೆ ವಿಚಾರಣೆ.”

“ಇದು ಹೋಟೆಲ್ಲಾ?”

ಅಲ್ಲ. ಅಲ್ಲವೆಂದೇ ತಾನೆ ಅವಳು ಇಲ್ಲಿಗೆ ಬಂದದ್ದು! ದೊಡ್ಡ ಹೋಟೆಲೊಂದರಲ್ಲಿ ವರ್ಷಗಟ್ಟಲೆ ಊಟ ಬಡಿಸಿದವಳು ಅವಳು. ಸೂಪಿನಲ್ಲಿ ತೇಲುವ ಕೂದಲು ಅತಿಥಿಯ ಗಡ್ಡದ್ದೇ ಎಂದು ಕುರುಡನಿಗೂ ಕಾಣುವಂತಿದ್ದರೂ, ಕೈ ಹಿಂದೆ ಕಟ್ಟಿ, ತಲೆ ತುಸು ಬಾಗಿಸಿ, ಕ್ಷಮಿಸಿ ಅನ್ನಬೇಕಿತ್ತು. ಊರವರಿಗೆಲ್ಲ ಸಾರಿ ಹಂಚಿ ಮನೆ ಸೇರುವಾಗ ಮಗಳು ನಿದ್ದೆ ಹೋಗಿರುತ್ತಿದ್ದಳು. ಮಗಳ ಹುಟ್ಟುಹಬ್ಬ, ಜ್ವರ, ಶಾಲೆಯ ಆಟೋಟ, ಎಲ್ಲವನ್ನೂ ಸಂಜೆಯ ಪಾಳಿ ನುಂಗಿತ್ತು. ಈ ಆಫೀಸಿನ ಬಾಗಿಲು ಐದಕ್ಕೆ ಮುಚ್ಚುತ್ತದೆ ಎಂಬ ಒಂದೇ ಆಸೆಗೆ ಅವಳು ಯಾರ್ಯಾರದೋ ಕೈಕಾಲು ಹಿಡಿದು ಇಲ್ಲಿ ಸೇರಿದ್ದಳು. “ಇನ್ಮೇಲೆ ಸಂಜೆಯೆಲ್ಲಾ ನಿಂದೇ ಕಣೇ” ಎಂದು ಮಗಳಿಗೆ ಮಾತು ಕೊಟ್ಟಿದ್ದಳು.

ಅದರ ಮೊದಲ ಪರೀಕ್ಷೆ ಇವತ್ತೇ. ಐದೂವರೆಗೆ ಶಾಲೆಯಲ್ಲಿ ನಾಟಕ, ಮಗಳದ್ದು ಮರದ ಪಾತ್ರ. ಮರಕ್ಕೆ ಮಾತಿಲ್ಲ. ಆದರೂ ಒಂದು ವಾರದಿಂದ ಅಡುಗೆಮನೆಯ ನಡುವೆ ಎರಡೂ ಕೈ ಎತ್ತಿ ನಿಂತು, ಯಾರು ಕರೆದರೂ ಓಗೊಡದೆ ಅಭ್ಯಾಸ ಮಾಡಿದ್ದಳು.

ಸೂಪರ್‌ವೈಸರ್ ಗಡಿಯಾರದ ಕಡೆಗೇ ನೋಡಲಿಲ್ಲ. ಮೇಜಿನ ಫೋನಿನ ರಿಸೀವರ್ ಕಿವಿಗಿಟ್ಟುಕೊಂಡ. “ಈಗ ನಾನು ಕಸ್ಟಮರ್. ಹ್ಞಾಂ, ಏನ್ರೀ, ನಮ್ಮ ಕನ್ನಡಿ ಪುಡಿಪುಡಿಯಾಗಿದೆ!”

“ಅಯ್ಯೋ, ಸಾರಿ ಸಾರ್…”

“ನಿಲ್ಸಿ! ಸಾರಿನೂ ಬೇಡ, ಅಯ್ಯೋನೂ ಬೇಡ. ‘ನಿಮ್ಮ ದೂರು ನೋಟ್ ಮಾಡಿಕೊಂಡಿದ್ದೇವೆ.’ ಅಷ್ಟೇ. ಎಲ್ಲಿ, ಹೇಳಿ.”

“ಸಾರಿ ಸಾರ್, ಇನ್ನೊಂದ್ಸಲ ಹೇಳ್ತೀನಿ.”

ಅವನು ಹಣೆ ಹಣೆ ಬಡಿದುಕೊಂಡ. ಅವಳಿಗೂ ತನ್ನ ನಾಲಿಗೆಯನ್ನು ಕಿತ್ತು ಮೇಜಿನ ಮೇಲಿಡುವಷ್ಟು ಸಿಟ್ಟು ಬಂತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಇದು ಹುಟ್ಟುಗುಣವೂ ಅಲ್ಲ, ಸಂಬಳಕ್ಕೆ ಕಲಿತದ್ದು. ಇದಕ್ಕೇನು ಬಂತು ರೋಗ?

“ಸಾರ್, ಐದಾಯ್ತು. ಮಗಳ ನಾಟಕ…”

“ಕೆಲಸ ಬೇಕೋ, ನಾಟಕ ಬೇಕೋ?”

ನಾಟಕ ನೋಡುವುದಕ್ಕೇ ಈ ಕೆಲಸ ಬೇಕು ಎಂದು ಇವನಿಗೆ ಬಿಡಿಸಿ ಹೇಳುವುದು ಹೇಗೆ? ಅವಳು ಕುಳಿತಳು. ಅವನು ಸೋಫಾದ ಕಾಲು ಮುರಿದುಕೊಂಡ, ಫ್ರಿಜ್ ನೆಗ್ಗಿಸಿಕೊಂಡ, ಕೊನೆಗೆ ತೀರಿಹೋದ ಅಜ್ಜಿಯ ಫೋಟೋ ಕಳೆದುಕೊಂಡು ಗೋಳಾಡಿದ. ಅಜ್ಜಿಯ ಫೋಟೋ ಎಂದಾಗ ‘ಸಾರಿ’ ಅವಳ ನಾಲಿಗೆಯ ತುದಿಗೇ ಬಂದಿತ್ತು. ಆದರೂ ಹೊರಬಂದ ಮಾತು ಗಟ್ಟಿಯಾಗಿತ್ತು, ಒಣಗಿತ್ತು: “ನಿಮ್ಮ ದೂರು ನೋಟ್ ಮಾಡಿಕೊಂಡಿದ್ದೇವೆ.”

“ಭೇಷ್! ಹೀಗೇ ಇದ್ರೆ ಖಾಯಂ ಮಾಡೋಕೆ ನಾನೇ ಹೇಳ್ತೀನಿ. ಹೋಗಿ, ಹೋಗಿ, ಲೇಟಾಯ್ತು ನಿಮ್ಗೆ.”

ಲೇಟಾಯ್ತಂತೆ! ಮಹಾನುಭಾವ!

ಅವಳು ಬಸ್ಸಿಳಿದು ಓಡುತ್ತಾ ಬರುವಾಗ ಶಾಲೆಯ ಕಾವಲುಗಾರ ಗೇಟಿಗೆ ಬೀಗ ಹಾಕುತ್ತಿದ್ದ.

ಮನೆಯಲ್ಲಿ ಮರ ಇನ್ನೂ ವೇಷ ಕಳಚಿರಲಿಲ್ಲ. ಕಂದು ಬಟ್ಟೆ ಸುತ್ತಿಕೊಂಡು, ತೋಳಿನ ತುಂಬ ಕಾಗದದ ಎಲೆ ಅಂಟಿಸಿಕೊಂಡು ನಡುಮನೆಯಲ್ಲಿ ನಿಂತಿತ್ತು. ಗಂಡ ಅವಳತ್ತ ನೋಡಿ, ಈಗ ಏನೂ ಮಾತಾಡಬೇಡ ಎಂದು ಕಣ್ಣಲ್ಲೇ ಹೇಳಿದ.

“ಎಲ್ಲರ ಅಮ್ಮಂದಿರೂ ಬಂದಿದ್ರು,” ಎಂದಳು ಮಗಳು. “ಮರ ಅಲ್ಲಾಡಬಾರ್ದು ಅಂತ ಟೀಚರ್ ಹೇಳಿದ್ರು. ನಾನು ಬಾಗಿಲ ಕಡೆ ತಿರುಗಿ ತಿರುಗಿ ನೋಡ್ತಾ ಇದ್ದೆ. ಎಲ್ಲರೂ ನಕ್ರು. ನಿನ್ನಿಂದಾನೇ.”

ಅವಳು ಬಾಯಿ ತೆರೆದಳು. ಸಂಜೆಯಿಡೀ ಅದುಮಿಟ್ಟ ‘ಸಾರಿ’ಯನ್ನೇ ಹೇಳಲು ಹೊರಟಳು.

“ನಿನ್ನ ದೂರು… ನೋಟ್ ಮಾಡ್ಕೊಂಡಿದ್ದೇವೆ.”

ಗಂಡ ಫಕ್ಕನೆ ನಕ್ಕ. ಮಗಳ ಮುಖ ನೋಡಿ ತಕ್ಷಣ ನಗು ನುಂಗಿಕೊಂಡ.

“ಯಾರು ನೋಟ್ ಮಾಡ್ಕೊಂಡಿರೋದು?” ಎಂದು ಮಗಳು ಕೇಳಿದಳು. ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಧಡಾರನೆ ಬಾಗಿಲು ಹಾಕಿಕೊಂಡಳು. ಮಗಳ ತೋಳಿನಿಂದ ಕಳಚಿದ ಒಂದು ಎಲೆ ಬಾಗಿಲ ಕೆಳಗೆ ಸಿಕ್ಕಿಕೊಂಡಿತು, ಅರ್ಧ ಒಳಗೆ, ಅರ್ಧ ಹೊರಗೆ.

ಅವಳು ಹೋಗಿ ಆ ಬಾಗಿಲ ಮುಂದೆ ನಿಂತಳು. ಊಟ ವಾಪಸು ಕಳಿಸಿದ ಟೇಬಲ್ಲಿನ ಮುಂದೆ ನಿಲ್ಲುತ್ತಿದ್ದ ಹಾಗೆ, ಕೈ ಹಿಂದೆ ಕಟ್ಟಿ, ತಲೆ ತುಸು ಬಾಗಿಸಿ. ಚಪ್ಪಲಿ ಬಿಚ್ಚಿರಲಿಲ್ಲ, ಹೆಗಲಿನ ಚೀಲ ಇಳಿಸಿರಲಿಲ್ಲ. “ಕೂತ್ಕೋ ಬಾರೇ” ಎಂದು ಗಂಡ ಕರೆದ. ಅವಳು ಅಲ್ಲಾಡಲಿಲ್ಲ.

ಎಷ್ಟೋ ಹೊತ್ತಿನ ಮೇಲೆ, ಬಾಗಿಲ ಕೆಳಗಿದ್ದ ಎಲೆ ಮೆಲ್ಲಗೆ ಒಳಗೆ ಸರಿಯಿತು.